ಪಂಚಾಯ್ತಿ ಮಾಡಿದವನಿಗೆ ನೊಬೆಲ್ ಬಂದರೆ ಜನ ಯಾಕೆ ಜಗಳ ಆಡ್ತಾರೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯದಲ್ಲಿ ಭಾನುವಾರ ಬೆಳಗ್ಗೆ ಕೆಎಎಸ್, ಪಿಡಿಒ, ಎಫ್‌ಡಿಎ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರನ್ನು ಕೂರಿಸಿಕೊಂಡು ಪೇಪರ್ ಓದಿಸುವುದು ನನ್ನ ಕೆಲಸ. ಸಂಬಳದ ಕೆಲಸ ಅಲ್ಲ, ನಿವೃತ್ತಿ ಆದ ಮೇಲೆ ಅಂಟಿಕೊಂಡ ಚಟ. ಅಕ್ಟೋಬರ್‌ನಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಘೋಷಣೆ ಆದ ವಾರ ಮಾತ್ರ ಪಾಠ ಮುಂದಕ್ಕೆ ಹೋಗುವುದಿಲ್ಲ. ಯಾರಿಗೆ ಕೊಟ್ಟರೂ ಅರ್ಧ ಜನಕ್ಕೆ ಖುಷಿ, ಇನ್ನರ್ಧಕ್ಕೆ ಸಿಟ್ಟು. ನಾನು ಪ್ರತಿ ಸಲ ಒಂದೇ ಉದಾಹರಣೆ ಎತ್ತಿಕೊಳ್ಳುತ್ತೇನೆ: 2008ರಲ್ಲಿ ಗೆದ್ದ ಫಿನ್‌ಲೆಂಡ್‌ನ ರಾಜತಾಂತ್ರಿಕ ಮಾರ್ಟಿ ಅಹ್ತಿಸಾರಿ. ಪ್ರಶ್ನೆಗಳೂ ಹೆಚ್ಚುಕಮ್ಮಿ ಅವೇ ಬರುತ್ತವೆ. ಹೇಳಿ ಹೇಳಿ ಗಂಟಲು ಬಿದ್ದುಹೋಗಿದೆ. ಅದಕ್ಕೇ ಬರೆದಿಟ್ಟಿದ್ದೇನೆ.

ಯಾರು ಈ ಅಹ್ತಿಸಾರಿ? ಹೆಸರೇ ಕೇಳಿಲ್ಲವಲ್ಲ?

ನಿಮ್ಮ ತಪ್ಪಲ್ಲ. ಅವರು ಹುಟ್ಟಿದ್ದು 1937ರಲ್ಲಿ, ವೀಪುರಿ ಎಂಬ ಊರಲ್ಲಿ. ಆಗ ಅದು ಫಿನ್‌ಲೆಂಡ್‌ನಲ್ಲಿತ್ತು. ಯುದ್ಧ ಬಂದು ಊರು ಸೋವಿಯತ್ ರಷ್ಯಾದ ಪಾಲಾಯಿತು. ಸಂಸಾರ ಊರು ಬಿಟ್ಟಿತು. ಇವತ್ತಿಗೂ ಆ ಊರು ರಷ್ಯಾದಲ್ಲೇ ಇದೆ. ಕೆಆರ್‌ಎಸ್ ಕಟ್ಟಿದಾಗ ಮುಳುಗಿದ ಹಳ್ಳಿಗಳವರ ಮೊಮ್ಮಕ್ಕಳು ಈ ಕ್ಲಾಸಿನಲ್ಲಿ ಇದ್ದಾರೆ. ಊರು ಕಳೆದುಕೊಳ್ಳುವುದು ಅಂದರೆ ಏನು ಅಂತ ಅವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮೇಷ್ಟ್ರ ಕೆಲಸಕ್ಕೆ ತರಬೇತಿ ಪಡೆದವರು. 1960ರಲ್ಲಿ ಕರಾಚಿಗೆ ಹೋಗಿ ದೈಹಿಕ ಶಿಕ್ಷಣ ಮೇಷ್ಟ್ರುಗಳ ತರಬೇತಿ ನೋಡಿಕೊಂಡರು. ಸಿಂಧೂ ನದಿ ನೀರಿನ ಒಪ್ಪಂದಕ್ಕೆ ಅದೇ ಕರಾಚಿಯಲ್ಲಿ ಸಹಿ ಬಿದ್ದದ್ದೂ ಅದೇ ವರ್ಷ, ಅಲ್ಲಿ ನಡುವೆ ಕೂತಿದ್ದು ವಿಶ್ವಬ್ಯಾಂಕ್. 1965ರಲ್ಲಿ ಫಿನ್‌ಲೆಂಡ್ ವಿದೇಶಾಂಗ ಇಲಾಖೆ ಸೇರಿದರು. 1973ರಲ್ಲಿ ಟಾಂಜಾನಿಯಾಕ್ಕೆ ರಾಯಭಾರಿ. ಆಮೇಲೆ ವಿಶ್ವಸಂಸ್ಥೆ. 1994ರಿಂದ 2000ದವರೆಗೆ ಫಿನ್‌ಲೆಂಡ್ ಅಧ್ಯಕ್ಷ. ಅಧಿಕಾರ ಮುಗಿದ ಮೇಲೆ ಜಗಳ ಬಿಡಿಸುವುದಕ್ಕೇ ಒಂದು ಸಂಸ್ಥೆ ಕಟ್ಟಿದರು. 2023ರ ಅಕ್ಟೋಬರ್ 16ರಂದು ತೀರಿಕೊಂಡರು.

ಪ್ರಶಸ್ತಿ ಬಂದಾಗ ನಮ್ಮ ಕಡೆ ಸುದ್ದಿಯೇ ಆಗಲಿಲ್ಲವಾ?

ಘೋಷಣೆ ಆಗಿದ್ದು 2008ರ ಅಕ್ಟೋಬರ್ 10, ಶುಕ್ರವಾರ. ಹಿಂದಿನ ದಿನ ವಿಜಯದಶಮಿ. ಮೈಸೂರಿನಲ್ಲಿ ಜಂಬೂಸವಾರಿ ನೋಡಿ ನಮ್ಮ ಜನ ಬಸ್ಸಿನಲ್ಲಿ ತೂಕಡಿಸಿಕೊಂಡು ವಾಪಸ್ ಬಂದಿದ್ದರು. ಅದೇ ಶುಕ್ರವಾರ ವಾಷಿಂಗ್ಟನ್‌ನಲ್ಲಿ ಭಾರತ–ಅಮೆರಿಕ ಅಣು ಒಪ್ಪಂದಕ್ಕೆ ಸಹಿ ಬಿತ್ತು. ಷೇರುಪೇಟೆ ಬೇರೆ ದಿನಾ ಬೀಳುತ್ತಿತ್ತು. ಇಷ್ಟರ ನಡುವೆ ಫಿನ್‌ಲೆಂಡ್‌ನ ಎಪ್ಪತ್ತೊಂದು ವರ್ಷದ ಒಬ್ಬ ಹಿರಿಯರಿಗೆ ಯಾರು ಜಾಗ ಕೊಡ್ತಾರೆ?

ರಾಯಭಾರಿಗೆ ಸಂಬಳ ಕೊಡೋದೇ ಈ ಕೆಲಸಕ್ಕಲ್ವಾ? ಮೇಲೆ ಪ್ರಶಸ್ತಿ ಬೇರೆ ಯಾಕೆ?

ಪ್ರತಿ ವರ್ಷ ಯಾರಾದರೂ ಒಬ್ಬರು ಕೇಳುತ್ತಾರೆ. ಕೇಳುವವರು ಸಾಮಾನ್ಯವಾಗಿ ಸರ್ಕಾರಿ ನೌಕರಿಯಲ್ಲಿ ಇರುವವರ ಮಕ್ಕಳು!

ರಾಯಭಾರಿಗೆ ಸಂಬಳ ಬರುವುದು ತನ್ನ ದೇಶದ ಪರ ಮಾತಾಡುವುದಕ್ಕೆ. ಎರಡು ಕಡೆಯವರ ನಡುವೆ ಕೂರುವುದು ಬೇರೆ ಕಸುಬು. ಅದರಲ್ಲಿ ಜೀವವೂ ಹೋಗಿದೆ. 1948ರಲ್ಲಿ ವಿಶ್ವಸಂಸ್ಥೆಯ ಸಂಧಾನಕಾರ ಫೋಲ್ಕೆ ಬರ್ನಾಡೊಟ್ ಅವರನ್ನು ಜೆರುಸಲೇಮ್‌ನಲ್ಲಿ ಗುಂಡಿಕ್ಕಿ ಕೊಂದರು. ಅವರ ಜಾಗಕ್ಕೆ ಬಂದ ರಾಲ್ಫ್ ಬಂಚ್ 1949ರಲ್ಲಿ ಇಸ್ರೇಲ್ ಮತ್ತು ಅರಬ್ ದೇಶಗಳ ನಡುವೆ ಕದನ ನಿಲ್ಲಿಸಿದರು. 1950ರಲ್ಲಿ ನೊಬೆಲ್ ಬಂತು. ಆ ಪ್ರಶಸ್ತಿ ಪಡೆದ ಮೊದಲ ಕಪ್ಪು ವರ್ಣೀಯ ಅವರು. ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಡಾಗ್ ಹಮ್ಮರ್‌ಷೋಲ್ಡ್ 1961ರಲ್ಲಿ ಕಾಂಗೋ ಜಗಳ ಬಿಡಿಸಲು ಹೋಗುವಾಗ ವಿಮಾನ ಬಿದ್ದು ಸತ್ತರು. ಪ್ರಶಸ್ತಿ ಬಂದದ್ದು ಸತ್ತ ಮೇಲೆ.

ಅಹ್ತಿಸಾರಿಗೆ ಬಂದಾಗ ಯಾರು ಖುಷಿಪಟ್ಟರು?

ಫಿನ್‌ಲೆಂಡ್‌ನವರಿಗೆ ಖುಷಿಗಿಂತ ಜಾಸ್ತಿ ನಿರಾಳ ಆಗಿರಬೇಕು ಅಂತ ನನ್ನ ಅನಿಸಿಕೆ. 2005ರಲ್ಲೇ ಅವರಿಗೆ ಬರುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದರು. ಆ ವರ್ಷ ಅದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಗೂ ಅದರ ಮುಖ್ಯಸ್ಥ ಎಲ್‌ಬರಾದಿಗೂ ಹೋಯಿತು. ಅಂತೂ 2008ರಲ್ಲಿ ಬಂತು. ಫಿನ್‌ಲೆಂಡ್‌ಗೆ ಬಂದ ಮೊದಲ ಶಾಂತಿ ನೊಬೆಲ್ ಅದು.

ನಿಜವಾದ ಸಂಭ್ರಮ ಇದ್ದದ್ದು ಇಂಡೋನೇಷ್ಯಾದ ಅಚೆಯಲ್ಲಿ. (ಅಚೆ ಅಂದರೆ ಪ್ರಾಂತ್ಯದ ಹೆಸರು. "ಆಚೆ ಏನಾಯ್ತು ಸರ್" ಅಂತ ಕೇಳಿದ್ದ ಒಬ್ಬ. ಕ್ಲಾಸೆಲ್ಲ ನಕ್ಕಿತ್ತು.) ಸುಮಾತ್ರಾ ದ್ವೀಪದ ತುದಿಯ ಈ ಪ್ರಾಂತ್ಯದಲ್ಲಿ ಸುಮಾರು ಮೂವತ್ತು ವರ್ಷ ಸರ್ಕಾರಕ್ಕೂ ಪ್ರತ್ಯೇಕ ದೇಶ ಕೇಳುವ ಬಂಡುಕೋರರಿಗೂ ಕಾಳಗ. ಸತ್ತವರು ಸುಮಾರು 15,000. 2004ರ ಡಿಸೆಂಬರ್ 26ರ ಸುನಾಮಿ ಬಂದು ಆ ನಾಡನ್ನೇ ಕೊಚ್ಚಿಕೊಂಡು ಹೋಯಿತು. ಮುಂದಿನ ತಿಂಗಳೇ ಎರಡೂ ಕಡೆಯವರು ಹೆಲ್ಸಿಂಕಿಯಲ್ಲಿ ಅಹ್ತಿಸಾರಿ ಎದುರು ಕೂತರು. ಅವರು ಹಾಕಿದ ಶರತ್ತು ಒಂದೇ. ಎಲ್ಲ ವಿಷಯ ಒಪ್ಪಿಗೆ ಆಗುವ ತನಕ ಯಾವುದೂ ಒಪ್ಪಿಗೆ ಆದ ಹಾಗಲ್ಲ. ಅಂದರೆ ನಿಮಗೆ ಬೇಕಾದ್ದನ್ನು ಜೇಬಿಗೆ ಹಾಕಿಕೊಂಡು ಎದ್ದು ಹೋಗುವ ಹಾಗಿಲ್ಲ. ಐದು ಸುತ್ತು ಮಾತುಕತೆ ನಡೆಯಿತು. ಬಂಡುಕೋರರು ಪ್ರತ್ಯೇಕ ದೇಶದ ಬೇಡಿಕೆ ಬಿಟ್ಟರು. ಸರ್ಕಾರ ಸ್ವಯಮಾಡಳಿತಕ್ಕೆ ಒಪ್ಪಿತು. 2005ರ ಆಗಸ್ಟ್ 15ರಂದು ಸಹಿ. ಬಂಡುಕೋರರು 840 ಆಯುಧ ಒಪ್ಪಿಸಬೇಕು ಅಂತ ಲೆಕ್ಕ ಬರೆದೇ ಮಾತು ಮುಗಿಸಿದ್ದರು.

ನನಗೆ ಇಷ್ಟವಾದ ಒಂದು ಸಂಗತಿ ಇದೆ. ಇರ್ವಂದಿ ಯೂಸುಫ್ ಎಂಬ ಬಂಡುಕೋರ ಸುನಾಮಿ ಬಂದಾಗ ಅಚೆಯ ಜೈಲಿನಲ್ಲಿದ್ದ. ನೀರು ನುಗ್ಗಿ ಜೈಲು ಒಡೆಯಿತು, ಆಸಾಮಿ ತಪ್ಪಿಸಿಕೊಂಡ. ಎರಡು ವರ್ಷದೊಳಗೆ, 2006ರ ಡಿಸೆಂಬರ್‌ನಲ್ಲಿ, ಅದೇ ಪ್ರಾಂತ್ಯಕ್ಕೆ ಜನರ ಓಟಿನಿಂದ ಗವರ್ನರ್ ಆದ. ಇಂಥ ಕಡೆ ಪ್ರಶಸ್ತಿಯ ಸುದ್ದಿಗೆ ಯಾರು ಮುಖ ಸಿಂಡರಿಸುತ್ತಾರೆ? ಸರ್ಕಾರದವರೂ ಹೊಗಳಿದರು, ಹಳೇ ಬಂಡುಕೋರರೂ ಹೊಗಳಿದರು.

ಹಾಗಾದರೆ ಸಿಟ್ಟಾದವರು ಯಾರು?

ಸರ್ಬಿಯಾದವರು. ಅವರ ಬೆನ್ನಿಗೆ ನಿಂತ ರಷ್ಯಾದಲ್ಲೂ ಗೊಣಗಾಟ ಇತ್ತು.

ಕೊಸೊವೊ ಸರ್ಬಿಯಾದ ಒಂದು ಪ್ರಾಂತ್ಯವಾಗಿತ್ತು. ಅಲ್ಲಿನ ಜನರಲ್ಲಿ ಬಹುಪಾಲು ಅಲ್ಬೇನಿಯನ್ನರು. ಸರ್ಬಿಯಾದವರಿಗೆ ಅದು ಬರೀ ನೆಲ ಅಲ್ಲ. ಹಳೆಯ ಮಠಗಳು, 1389ರ ಯುದ್ಧದ ನೆನಪು ಎಲ್ಲ ಅಲ್ಲಿದೆ. 1999ರಲ್ಲಿ ಅಮೆರಿಕ, ಯುರೋಪು ದೇಶಗಳ ಸೇನಾಕೂಟ ನೇಟೊ ಸರ್ಬಿಯಾದ ಮೇಲೆ 78 ದಿನ ಬಾಂಬ್ ಹಾಕಿತು. ಆಗ ರಷ್ಯಾದ ಪ್ರತಿನಿಧಿ ಚೆರ್ನೊಮಿರ್ದಿನ್ ಜೊತೆ ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡ್‌ಗೆ ಹೋಗಿ, ಕೊಸೊವೊದಿಂದ ಸೇನೆ ವಾಪಸ್ ಕರೆಸಿಕೊಳ್ಳಿ ಅಂತ ಅಲ್ಲಿನ ಅಧ್ಯಕ್ಷ ಮಿಲೊಸೆವಿಚ್‌ನನ್ನು ಒಪ್ಪಿಸಿದವರು ಇದೇ ಅಹ್ತಿಸಾರಿ. ಯುದ್ಧ ನಿಂತಿತು ಅನ್ನಿ. ಆದರೆ ಸರ್ಬಿಯಾದವರ ನೆನಪಿನಲ್ಲಿ ಉಳಿದದ್ದು ಬಾಂಬು, ಆಮೇಲೆ ಬಾಗಿಲು ತಟ್ಟಿದ ಈ ಮನುಷ್ಯ.

2006ರಲ್ಲಿ ವಿಯೆನ್ನಾದಲ್ಲಿ ಮತ್ತೆ ಮಾತುಕತೆ. ಮತ್ತೆ ಅವರೇ ನಡುವೆ. ಈ ಸಲ ಎರಡೂ ಕಡೆ ಒಂದಿಂಚೂ ಸರಿಯಲಿಲ್ಲ. ಆಗ ಅವರು ಒಪ್ಪಂದದ ಆಸೆ ಬಿಟ್ಟು ತಾವೇ ಒಂದು ಯೋಜನೆ ಬರೆದು 2007ರಲ್ಲಿ ವಿಶ್ವಸಂಸ್ಥೆಗೆ ಕೊಟ್ಟರು. ಅಂತರರಾಷ್ಟ್ರೀಯ ಮೇಲ್ವಿಚಾರಣೆಯಲ್ಲಿ ಕೊಸೊವೊ ಸ್ವತಂತ್ರ ದೇಶವಾಗಲಿ ಅನ್ನುವುದು ಅದರ ತಿರುಳು. ರಷ್ಯಾ ಅಡ್ಡಗಾಲು ಹಾಕಿತು. 2008ರ ಫೆಬ್ರವರಿ 17ರಂದು ಕೊಸೊವೊ ತಾನೇ ಸ್ವತಂತ್ರ ಅಂತ ಘೋಷಿಸಿಕೊಂಡಿತು. ಎಂಟು ತಿಂಗಳಿಗೆ ನೊಬೆಲ್ ಬಂತು. ಗಾಯ ಇನ್ನೂ ಹಸಿ. ಕೊಸೊವೊದ ರಾಜಧಾನಿ ಪ್ರಿಸ್ಟಿನಾದಲ್ಲಿ ಚಪ್ಪಾಳೆ, ಬೆಲ್‌ಗ್ರೇಡ್‌ನಲ್ಲಿ ಬೈಗುಳ. ನೊಬೆಲ್ ಸಮಿತಿಯವರು ಅವರ ಮೂವತ್ತು ವರ್ಷದ ಕೆಲಸಕ್ಕೆ, ಹಲವು ಖಂಡಗಳಲ್ಲಿ ಮಾಡಿದ ಕೆಲಸಕ್ಕೆ ಅಂತ ಹೇಳಿದ್ದರು. ಬೆಲ್‌ಗ್ರೇಡ್‌ನಲ್ಲಿ ಅದನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಯಾರಿದ್ದರು?

ಒಬ್ಬನೇ ಮನುಷ್ಯ, ಒಂದು ಕಡೆ ಹೂವು, ಇನ್ನೊಂದು ಕಡೆ ಕಲ್ಲು. ಯಾಕೆ ಹೀಗೆ?

ನನ್ನ ಲೆಕ್ಕ ಇದು. ಅಚೆಯಲ್ಲಿ ಅವರು ರಾಜಿ ಮಾಡಿಸಿದರು. ಕೊಸೊವೊದಲ್ಲಿ ನ್ಯಾಯ ಹೇಳಿದರು. ಎರಡಕ್ಕೂ ನಾವು "ಪಂಚಾಯ್ತಿ" ಅಂತಲೇ ಅನ್ನುತ್ತೇವೆ, ಆದರೆ ಎರಡೂ ಬೇರೆ. ರಾಜಿಯಲ್ಲಿ ಇಬ್ಬರೂ ಕೈಯಾರೆ ಸಹಿ ಹಾಕುತ್ತಾರೆ. ನಾಳೆ ಬೈಯಬೇಕೆಂದರೆ ತಮ್ಮನ್ನೇ ಬೈದುಕೊಳ್ಳಬೇಕು. ನ್ಯಾಯ ಹೇಳಿದರೆ ಸೋತವನಿಗೆ ಬೈಯಲು ಒಬ್ಬ ಸಿಗುತ್ತಾನೆ.

ನಮ್ಮ ದೊಡ್ಡಪ್ಪ ಊರಲ್ಲಿ ಯಜಮಾನಿಕೆ ಮಾಡುತ್ತಿದ್ದರು. ಅಣ್ಣತಮ್ಮಂದಿರ ಗದ್ದೆ ಬದುವಿನ ಜಗಳ ಒಂದು ಬಂತು. ಎರಡು ವಾರ ಅರಳಿಕಟ್ಟೆಯಲ್ಲಿ ಕೂರಿಸಿ ಮಾತಾಡಿಸಿದರು, ಆಗಲಿಲ್ಲ. ಕೊನೆಗೆ ರೇಗಿ "ಬದು ಇಲ್ಲಿ" ಅಂತ ಗೂಟ ಹೊಡೆಸಿಬಿಟ್ಟರು. ಆ ವರ್ಷ ಯುಗಾದಿಗೆ ಎರಡೂ ಮನೆಯಿಂದ ಕರೆ ಬರಲಿಲ್ಲ. ಜಾಸ್ತಿ ಸಿಕ್ಕವನಿಗೂ ಇನ್ನೊಂದು ಗೇಣು ಸಿಗಬೇಕಿತ್ತು ಅನ್ನಿಸಿತ್ತಂತೆ!

ಕಾವೇರಿಗೂ ಇದಕ್ಕೂ ಹೋಲಿಕೆ ಮಾಡಬಹುದಾ?

ಮಂಡ್ಯದಲ್ಲಿ ಕೂತು ಈ ಪ್ರಶ್ನೆ ತಪ್ಪಿಸಿಕೊಳ್ಳೋಕಾಗುತ್ತಾ? ಯುದ್ಧಕ್ಕೂ ನೀರಿನ ವ್ಯಾಜ್ಯಕ್ಕೂ ಅಜಗಜಾಂತರ ಅಂತ ಮೊದಲೇ ಹೇಳಿಬಿಡುತ್ತೇನೆ. ಆದರೆ ಜನ ಹೇಗೆ ಪ್ರತಿಕ್ರಿಯೆ ಕೊಡುತ್ತಾರೆ ಅನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮಗಿಲ್ಲ.

1990ರಲ್ಲಿ ನ್ಯಾಯಮಂಡಳಿ ಆಯಿತು. 1991ರಲ್ಲಿ ಮಧ್ಯಂತರ ಆದೇಶ ಬಂತು, ಆ ವರ್ಷದ ಗಲಾಟೆ ನೋಡಿದವರು ಇನ್ನೂ ಮರೆತಿಲ್ಲ. 2007ರ ಫೆಬ್ರವರಿ 5ರಂದು ಅಂತಿಮ ತೀರ್ಪು: ತಮಿಳುನಾಡಿಗೆ 419 ಟಿಎಂಸಿ, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7. ನಾವು ಅನ್ಯಾಯ ಅಂತ ಸುಪ್ರೀಂ ಕೋರ್ಟಿಗೆ ಹೋದೆವು. ತಮಿಳುನಾಡೂ ಹೋಯಿತು. ಕೇರಳವೂ ಹೋಯಿತು. ಎಲ್ಲರಿಗೂ ಅನ್ಯಾಯ ಆಗಿದ್ದರೆ ನೀರು ಎಲ್ಲಿ ಹೋಯಿತು ಅಂತ ಒಬ್ಬಳು ಹುಡುಗಿ ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ನಮ್ಮ ಪಾಲನ್ನು 284.75ಕ್ಕೆ ಏರಿಸಿ ಅವರದ್ದನ್ನು 404.25ಕ್ಕೆ ಇಳಿಸಿತು. ಇಲ್ಲಿ ಸಮಾಧಾನ, ಅಲ್ಲಿ ಬೇಸರ. ಅದೇ ನದಿ, ಅದೇ ಕೋರ್ಟು. ಹದಿನಾಲ್ಕು ಮುಕ್ಕಾಲು ಟಿಎಂಸಿ ಈ ಕಡೆಯಿಂದ ಆ ಕಡೆಗೆ ಸರಿದಿದ್ದರೆ ನಾವು ಮಂಡ್ಯದ ಸಂಜಯ ವೃತ್ತದಲ್ಲಿ ಧರಣಿ ಕೂತಿರುತ್ತಿದ್ದೆವು, ಅವರು ಸಿಹಿ ಹಂಚುತ್ತಿದ್ದರು.

ಈಗ ಯೋಚನೆ ಮಾಡಿ. ಆ ತೀರ್ಪು ಕೊಟ್ಟವರಲ್ಲಿ ಒಬ್ಬರಿಗೆ 2007ರಲ್ಲೇ ದೊಡ್ಡ ಶಾಂತಿ ಪ್ರಶಸ್ತಿ ಕೊಟ್ಟಿದ್ದರೆ ಮಂಡ್ಯದಲ್ಲಿ ಏನಾಗುತ್ತಿತ್ತು? ಬೆಂಗಳೂರು–ಮೈಸೂರು ರಸ್ತೆ ಆ ದಿನ ತೆರೆದಿರುತ್ತಿತ್ತಾ? ಇಷ್ಟು ಕೇಳಿದ ಮೇಲೆ ಸರ್ಬಿಯಾದವರನ್ನು "ಹೊಟ್ಟೆಕಿಚ್ಚಿನವರು" ಅಂತ ಯಾರೂ ಅನ್ನುವುದಿಲ್ಲ.

ರಾಜಿಯ ದಾರಿಯನ್ನೂ ಇಲ್ಲಿ ಪ್ರಯತ್ನಿಸಿದ್ದರು. 2003ರಲ್ಲಿ ಎರಡೂ ರಾಜ್ಯದ ರೈತರು, ವಿದ್ವಾಂಸರು ಸೇರಿ "ಕಾವೇರಿ ಕುಟುಂಬ" ಅಂತ ಮಾಡಿಕೊಂಡರು. ಇಲ್ಲಿಯವರು ಅಲ್ಲಿನ ಗದ್ದೆ ನೋಡಿದರು, ಅಲ್ಲಿಯವರು ಇಲ್ಲಿನ ನಾಲೆ ನೋಡಿದರು. ವ್ಯಾಜ್ಯ ಬಗೆಹರಿಯಲಿಲ್ಲ, ಪ್ರಶಸ್ತಿಯೂ ಬರಲಿಲ್ಲ. ನನ್ನ ಕೇಳಿದರೆ ಕೊಡಬಹುದಿತ್ತು.

ಬೈದವರು ಯಾವತ್ತಾದರೂ ಮನಸ್ಸು ಬದಲಾಯಿಸಿದ್ದಾರಾ?

ಬದಲಾಯಿಸಿದ್ದಾರೆ. ನಮೀಬಿಯಾದಲ್ಲಿ. ಈ ಕಥೆ ಹೇಳದೆ ನಾನು ಕ್ಲಾಸು ಬಿಡುವುದಿಲ್ಲ.

ನಮೀಬಿಯಾ ದಕ್ಷಿಣ ಆಫ್ರಿಕಾದ ಬಿಳಿಯರ ಸರ್ಕಾರದ ಹಿಡಿತದಲ್ಲಿತ್ತು. ಸ್ವಾಪೊ ಸಂಘಟನೆ ಬಂದೂಕು ಹಿಡಿದು ಹೋರಾಡುತ್ತಿತ್ತು. 1978ರಲ್ಲಿ ಅಹ್ತಿಸಾರಿಯನ್ನು ವಿಶ್ವಸಂಸ್ಥೆ ತನ್ನ ವಿಶೇಷ ಪ್ರತಿನಿಧಿ ಮಾಡಿತು. ಚುನಾವಣೆಗೆ ದಾರಿ ಆಗಲು 1989 ಬರಬೇಕಾಯಿತು. ಅಂತೂ ಆ ವರ್ಷದ ಏಪ್ರಿಲ್ 1ರಂದು ಕದನವಿರಾಮ ಶುರು. ಅವತ್ತೇ ಸ್ವಾಪೊದ ಹೋರಾಟಗಾರರು ಅಂಗೋಲಾದಿಂದ ಗಡಿ ದಾಟಿ ಒಳಗೆ ಬಂದರು. ವಿಶ್ವಸಂಸ್ಥೆಯ ಪಡೆ ಇನ್ನೂ ಪೂರ್ತಿ ಬಂದಿರಲಿಲ್ಲ. ದಕ್ಷಿಣ ಆಫ್ರಿಕಾ "ಇಡೀ ಒಪ್ಪಂದವನ್ನೇ ಹರಿದು ಹಾಕ್ತೀವಿ" ಅನ್ನುವ ಮಟ್ಟಕ್ಕೆ ಹೋಯಿತು. ಅದರ ಪಡೆಗಳು ಶಿಬಿರದಿಂದ ಹೊರಬರಲು ಅಹ್ತಿಸಾರಿ ಒಪ್ಪಿದರು. ಮುಂದಿನ ಒಂಬತ್ತು ದಿನದಲ್ಲಿ ಸ್ವಾಪೊದ ಮುನ್ನೂರಕ್ಕೂ ಜಾಸ್ತಿ ಜನ ಸತ್ತರು.

ಸ್ವಾಪೊದವರಿಗೆ ಎಷ್ಟು ಸಿಟ್ಟು ಬಂದಿರಬೇಕು ಹೇಳಿ. ಶಾಂತಿ ಮಾಡಿಸಲು ಬಂದವನೇ ಶತ್ರುವಿನ ಕೈಗೆ ಬಂದೂಕು ಕೊಟ್ಟ ಅನ್ನಿಸುವುದು ಸಹಜ ಅಲ್ವಾ? ಆದರೂ ಒಪ್ಪಂದ ಮುರಿಯಲಿಲ್ಲ. ನವೆಂಬರ್‌ನಲ್ಲಿ ಚುನಾವಣೆ ಆಯಿತು. ನೂರಕ್ಕೆ 97 ಮಂದಿ ಓಟು ಹಾಕಿದರು. 72ರಲ್ಲಿ 41 ಸ್ಥಾನ ಸ್ವಾಪೊಗೇ ಬಂತು. 1990ರ ಮಾರ್ಚ್ 21ರಂದು ಸ್ವಾತಂತ್ರ್ಯ. ಅದೇ ಸ್ವಾಪೊದ ಸರ್ಕಾರ ಅಹ್ತಿಸಾರಿಯನ್ನು ಗೌರವ ಪೌರ ಅಂತ ಕರೆಯಿತು. ಅವರೂ ನೊಬೆಲ್ ಬಂದ ದಿನ, ತಮ್ಮ ಕೆಲಸದಲ್ಲಿ ನಮೀಬಿಯಾವೇ ದೊಡ್ಡದು, ಅಷ್ಟು ವರ್ಷ ಹಿಡಿಯಿತಲ್ಲ ಅನ್ನುವ ಅರ್ಥದಲ್ಲಿ ಮಾತಾಡಿದರು.

ಆ ಏಪ್ರಿಲ್ ನಿರ್ಧಾರ ಸರಿಯಾ ತಪ್ಪಾ ಅಂತ ನನ್ನನ್ನು ಕೇಳಬೇಡಿ. ಸತ್ತವರ ತಾಯಂದಿರನ್ನು ಕೇಳಿದರೆ ಒಂದು ಉತ್ತರ ಬರುತ್ತದೆ, ನವೆಂಬರ್‌ನಲ್ಲಿ ಸಾಲು ನಿಂತು ಓಟು ಹಾಕಿದವರನ್ನು ಕೇಳಿದರೆ ಇನ್ನೊಂದು.

ಇದರಲ್ಲಿ ಭಾರತದವರು ಯಾರಾದರೂ ಇದ್ದರಾ?

ಇದ್ದರು. ನಮೀಬಿಯಾದಲ್ಲಿ ವಿಶ್ವಸಂಸ್ಥೆಯ ಸೇನಾ ಪಡೆಗೆ ದಂಡನಾಯಕರಾಗಿದ್ದವರು ಲೆಫ್ಟಿನೆಂಟ್ ಜನರಲ್ ದಿವಾನ್ ಪ್ರೇಮ್ ಚಂದ್. ಪ್ರಶ್ನೆಪತ್ರಿಕೆಯಲ್ಲಿ ಬಂದರೂ ಬರಬಹುದು, ಬರೆದುಕೊಳ್ಳಿ.

ಪ್ರಶಸ್ತಿ ಬಂದಾಗ ಭಾರತ ಏನಂದುಕೊಂಡಿತು?

ಕೊಸೊವೊ ವಿಷಯದಲ್ಲಿ ನಾವು ಸರ್ಬಿಯಾದ ಕಡೆ. ಭಾರತ ಇವತ್ತಿಗೂ ಕೊಸೊವೊವನ್ನು ದೇಶ ಅಂತ ಒಪ್ಪಿಲ್ಲ. ಹೊರಗಿನವರು ಬಂದು ಒಂದು ದೇಶದ ಭಾಗವನ್ನು ಬೇರೆ ಮಾಡಿಕೊಡುವುದು ಅಂದರೆ ದೆಹಲಿಗೆ ತಕ್ಷಣ ಕಾಶ್ಮೀರ ನೆನಪಾಗುತ್ತದೆ. 1972ರ ಶಿಮ್ಲಾ ಒಪ್ಪಂದದ ಮೇಲಂತೂ ಮೂರನೆಯವರ ಪಂಚಾಯ್ತಿ ಬೇಡ ಅನ್ನುವುದೇ ನಮ್ಮ ನಿಲುವು. ಅದಕ್ಕೆ ಮುಂಚೆ 1966ರಲ್ಲಿ ತಾಷ್ಕೆಂಟ್‌ನಲ್ಲಿ ಸೋವಿಯತ್ ಪ್ರಧಾನಿ ಕೊಸಿಗಿನ್ ನಡುವೆ ಕೂತಿದ್ದರು. ಸಹಿ ಆದ ರಾತ್ರಿಯೇ ಶಾಸ್ತ್ರೀಜಿ ತೀರಿಕೊಂಡರು. ನಮ್ಮ ಮನೆಯಲ್ಲಿ ಅಜ್ಜಿ "ತಾಷ್ಕೆಂಟ್" ಅನ್ನುವ ಪದವನ್ನೇ ಅಪಶಕುನದ ಹಾಗೆ ಆಡುತ್ತಿದ್ದರು.

ಗಾಂಧೀಜಿಗೆ ಕೊಡದ ಪ್ರಶಸ್ತಿಗೆ ಏನು ಬೆಲೆ?

ಬಂತು ನೋಡಿ. ಐದು ವರ್ಷ ಅವರ ಹೆಸರು ಸೂಚನೆಯಾಗಿತ್ತು: 1937, 1938, 1939, 1947, 1948. ಕೊಡಲಿಲ್ಲ. 1948ರಲ್ಲಿ "ಬದುಕಿರುವ ತಕ್ಕ ವ್ಯಕ್ತಿ ಯಾರೂ ಇಲ್ಲ" ಅಂತ ಹೇಳಿ ಯಾರಿಗೂ ಕೊಡಲಿಲ್ಲ. ತಪ್ಪು ಅವರದ್ದೇ. ಮುಂದಿನ ಪ್ರಶ್ನೆ.

ಯುದ್ಧ ಮಾಡಿದವರಿಗೂ ಕೊಟ್ಟಿದ್ದಾರಂತೆ?

1973ರ ಕಿಸಿಂಜರ್ ವಿಷಯ ಕೇಳುತ್ತಿದ್ದೀರಿ. ವಿಯೆಟ್ನಾಂ ಕದನವಿರಾಮಕ್ಕೆ ಅಂತ ಅಮೆರಿಕದ ವಿದೇಶಾಂಗ ಮಂತ್ರಿ ಕಿಸಿಂಜರ್, ಉತ್ತರ ವಿಯೆಟ್ನಾಂನ ಲೆ ಡಕ್ ಥೊ ಇಬ್ಬರಿಗೂ ಕೊಟ್ಟರು. ಥೊ ಬೇಡ ಅಂದರು, ಶಾಂತಿಯೇ ಬಂದಿಲ್ಲ ಅನ್ನುವುದು ಅವರ ವಾದ. ಸಮಿತಿಯ ಇಬ್ಬರು ಸದಸ್ಯರು ರಾಜೀನಾಮೆ ಕೊಟ್ಟರು. ಕಿಸಿಂಜರ್ ಪ್ರಶಸ್ತಿ ತಗೊಳ್ಳಲು ಓಸ್ಲೋಗೆ ಹೋಗಲೇ ಇಲ್ಲ. 1975ರಲ್ಲಿ ದಕ್ಷಿಣ ವಿಯೆಟ್ನಾಂನ ರಾಜಧಾನಿ ಸೈಗಾನ್ ಬಿದ್ದ ಮೇಲೆ ವಾಪಸ್ ಕೊಡ್ತೀನಿ ಅಂದರು, ಸಮಿತಿ ತಗೊಳ್ಳಲಿಲ್ಲ. 1971ರ ಬಾಂಗ್ಲಾ ಯುದ್ಧದಲ್ಲಿ ಪಾಕಿಸ್ತಾನದ ಕಡೆ ನಿಂತ ಕಿಸಿಂಜರ್ ನೆನಪಿರುವ ನಮ್ಮ ತಲೆಮಾರಿಗೆ ಆ ಹೆಸರು ಕೇಳಿದರೇ ಮೈ ಉರಿಯುತ್ತದೆ. ಕ್ಲಾಸಿನಲ್ಲಿ ತಟಸ್ಥವಾಗಿ ಹೇಳಬೇಕು ಅಂದುಕೊಳ್ಳುತ್ತೇನೆ, ಆಗುವುದಿಲ್ಲ.

ಜನ ಬೈದರೆ ಪ್ರಶಸ್ತಿ ವಾಪಸ್ ತಗೊಳ್ತಾರಾ?

ಇಲ್ಲ. ನಿಯಮದಲ್ಲಿ ಅವಕಾಶವೇ ಇಲ್ಲ. ಆರಿಸುವುದು ನಾರ್ವೆ ಸಂಸತ್ತು ನೇಮಿಸುವ ಐದು ಜನ. ಯಾರ್ಯಾರ ಹೆಸರು ಬಂದಿತ್ತು ಅನ್ನುವುದನ್ನು 50 ವರ್ಷ ಬಾಯಿ ಬಿಡುವುದಿಲ್ಲ.

ದುಡ್ಡು ಎಷ್ಟು?

2008ರಲ್ಲಿ ಒಂದು ಕೋಟಿ ಸ್ವೀಡನ್ ಕ್ರೋನರ್. ಆಗಿನ ಲೆಕ್ಕದಲ್ಲಿ ಆರು ಕೋಟಿ ರೂಪಾಯಿಗೂ ಜಾಸ್ತಿ.

ಮೈಸೂರು ಸೀಮೆಗೂ ಇಂಥ ವಿಷಯಕ್ಕೂ ಏನಾದರೂ ನಂಟು ಇದೆಯಾ?

ಎರಡು ಇದೆ, ಎರಡಕ್ಕೂ ಗಂಟು ಬಿದ್ದಿದೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ 1961ರಿಂದ ಟಿಬೆಟಿಯನ್ನರ ಊರು. 1989ರಲ್ಲಿ ದಲೈ ಲಾಮಾ ಅವರಿಗೆ ಶಾಂತಿ ನೊಬೆಲ್ ಬಂತು. ಚೀನಾ ಕೆಂಡವಾಯಿತು. ಟಿಬೆಟಿಯನ್ನರು ಇವತ್ತಿಗೂ ಪ್ರಶಸ್ತಿ ಪ್ರದಾನದ ದಿನವಾದ ಡಿಸೆಂಬರ್ 10ನ್ನು ಹಬ್ಬದ ಹಾಗೆ ಆಚರಿಸುತ್ತಾರೆ.

ಇನ್ನೊಂದು ನಂಟು ಕೆ.ಎಂ. ಪಣಿಕ್ಕರ್. ಚೀನಾದಲ್ಲಿ ಭಾರತದ ರಾಯಭಾರಿ ಆಗಿದ್ದವರು. 1950ರಲ್ಲಿ ಕೊರಿಯಾ ಯುದ್ಧದಲ್ಲಿ ಅಮೆರಿಕ ಮುಂದೆ ನುಗ್ಗಿದರೆ ಚೀನಾ ಇಳಿಯುತ್ತದೆ ಅನ್ನುವ ಎಚ್ಚರಿಕೆ ಹೊರಗೆ ಬಂದದ್ದು ಅವರ ಮೂಲಕ. ಅಮೆರಿಕ ನಂಬಲಿಲ್ಲ, ಚೀನಾ ಇಳಿದೇಬಿಟ್ಟಿತು. ಆದರೆ ಅದೇ ವರ್ಷ ಟಿಬೆಟ್ ವಿಷಯದಲ್ಲಿ ಚೀನಾದ ಮನಸ್ಸನ್ನು ಸರಿಯಾಗಿ ಅಳೆಯಲಿಲ್ಲ ಅನ್ನುವ ಟೀಕೆ ಅವರ ಬೆನ್ನು ಬಿಡಲಿಲ್ಲ. ಕೊನೆಗೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಬಂದರು. 1963ರಲ್ಲಿ ಇಲ್ಲೇ ತೀರಿಕೊಂಡರು. ಅಷ್ಟು ಹೊತ್ತಿಗೆ ಮೈಸೂರಿನಿಂದ ಎರಡು ಗಂಟೆ ದಾರಿಯ ಬೈಲಕುಪ್ಪೆಯಲ್ಲಿ ಟಿಬೆಟಿಯನ್ನರು ಕಾಡು ಕಡಿದು ಜೋಳ ಬಿತ್ತುತ್ತಿದ್ದರು.

ಮೇಷ್ಟ್ರೇ, ನೀವೇ ಆ ಸಮಿತಿಯಲ್ಲಿ ಇದ್ದಿದ್ದರೆ ಅಹ್ತಿಸಾರಿಗೆ ಕೊಡ್ತಿದ್ರಾ?

ನಮೀಬಿಯಾಕ್ಕೆ 1990ರಲ್ಲೇ ಕೊಡುತ್ತಿದ್ದೆ. ಅಚೆಗೂ ಕೊಡುತ್ತಿದ್ದೆ. ಪಕ್ಕದಲ್ಲಿ ಇಂಡೋನೇಷ್ಯಾದ ಆಗಿನ ಉಪಾಧ್ಯಕ್ಷ ಯೂಸುಫ್ ಕಲ್ಲಾ ಹೆಸರನ್ನೂ ಸೇರಿಸುತ್ತಿದ್ದೆ, ಆ ಮಾತುಕತೆಗೆ ಸರ್ಕಾರದ ಕಡೆಯಿಂದ ಬೆನ್ನು ಕೊಟ್ಟವರು ಅವರು. ಕೊಸೊವೊಗೆ? ಒಂದು ವರ್ಷ ಕೊಡುತ್ತಿದ್ದೆ ಅಂತೀನಿ, ಇನ್ನೊಂದು ವರ್ಷ ಇಲ್ಲ ಅಂತೀನಿ.

ಹೋದ ಸಲ ಹೀಗೆ ಹೇಳಿದಾಗ ಹಿಂದಿನ ಬೆಂಚಿನಿಂದ ಮಳವಳ್ಳಿ ಕಡೆಯ ಹುಡುಗನೊಬ್ಬ ಎದ್ದ. ಅವರ ಗದ್ದೆ ಕೆಆರ್‌ಎಸ್ ನೀರು ತರುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೇ ಭಾಗದಲ್ಲಿದೆ. "ನಂಗೊತ್ತು ಬುಡಿ ಮೇಷ್ಟ್ರೇ" ಅಂದ. "ನಾಲೇಲಿ ನೀರಿದ್ದ ವರ್ಷ ಕೊಡ್ತೀರಿ, ಇಲ್ಲದ ವರ್ಷ ಕೊಡಾಕಿಲ್ಲ." ಎಲ್ಲರೂ ನಕ್ಕರು. ನಾನು ಹಿಂದಿನ ವರ್ಷಗಳ ಲೆಕ್ಕ ಹಾಕಿ ನೋಡಿದೆ. ಅವನು ಹೇಳಿದ್ದು ಹೆಚ್ಚುಕಮ್ಮಿ ಸರಿಯಿತ್ತು.